ಓಣಿಯ ಅರ್ಥಶಾಸ್ತ್ರ: ಗಟಾರ, ಬೀದಿದೀಪ, ಕಸ ಯಾರ ಖಾತೆಗೆ?

ದ್ವಿತೀಯ ಪಿಯುಸಿ ಸಮಗ್ರ ಅರ್ಥಶಾಸ್ತ್ರದ ಪುಸ್ತಕದಲ್ಲಿ ರಾಷ್ಟ್ರೀಯ ವರಮಾನದ ಅಧ್ಯಾಯದ ಕೊನೆಯಲ್ಲಿ ‘ಬಾಹ್ಯತೆಗಳು’ ಎಂಬ ಸಣ್ಣ ಭಾಗವಿದೆ. ಒಬ್ಬರು ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ಲಾಭವೋ ನಷ್ಟವೋ ಆಗುತ್ತದೆ, ಆದರೆ ಲಾಭಕ್ಕೆ ಯಾರೂ ಹಣ ಕೊಡುವುದಿಲ್ಲ, ನಷ್ಟಕ್ಕೆ ಯಾರೂ ದಂಡ ತೆರುವುದಿಲ್ಲ. ಅದೇ ಬಾಹ್ಯತೆ. ಪುಸ್ತಕದಲ್ಲಿ ಕೊಟ್ಟಿರುವ ಉದಾಹರಣೆ ತೈಲ ಶುದ್ಧೀಕರಣ ಘಟಕದ್ದು. ಅದರ ಕೊಳಕು ನದಿಗೆ ಸೇರುತ್ತದೆ, ನದಿಯ ನೀರು ಬಳಸುವವರಿಗೂ ಮೀನು ಹಿಡಿಯುವವರಿಗೂ ನಷ್ಟವಾಗುತ್ತದೆ.

ಪರೀಕ್ಷೆಗಾಗಿ ಇದನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ನಮಗೆ ಈ ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ತೈಲ ಘಟಕದವರೆಗೆ ಹೋಗಬೇಕಾಗಿಲ್ಲ. ಮನೆಯ ಬಾಗಿಲು ತೆರೆದರೆ ಸಾಕು. ತುಂಬಿದ ಗಟಾರ, ಉರಿಯದ ದೀಪ, ಮೂಲೆಯಲ್ಲಿ ಕಸದ ಗುಡ್ಡೆ, ರಾತ್ರಿ ಹನ್ನೊಂದಕ್ಕೂ ನಿಲ್ಲದ ಧ್ವನಿವರ್ಧಕ ಎಲ್ಲವೂ ಅಲ್ಲೇ ಇವೆ. ನಾವು ಓದುವ ವಾಣಿಜ್ಯ ಮತ್ತು ಅರ್ಥಶಾಸ್ತ್ರದ ಪಾಠಗಳು ಇವುಗಳನ್ನು ಅರ್ಥಮಾಡಿಕೊಳ್ಳಲು, ಸ್ವಲ್ಪ ಮಟ್ಟಿಗೆ ಸರಿಪಡಿಸಲು ಹೇಗೆ ನೆರವಾಗುತ್ತವೆ ಎಂದು ತಿಳಿಸುವುದು ಈ ಲೇಖನದ ಉದ್ದೇಶ.

1. ಕಸ ಎಸೆದವರ ಉಳಿತಾಯ, ಉಳಿದವರ ಖರ್ಚು

ಒಬ್ಬರು ಕಸದ ಚೀಲವನ್ನು ಗಟಾರಕ್ಕೆ ಎಸೆದರು ಎಂದುಕೊಳ್ಳಿ. ಅವರಿಗೆ ಕಸದ ಗಾಡಿ ಬರುವ ತನಕ ಕಾಯುವ ತೊಂದರೆ ಉಳಿಯಿತು. ಆ ಚೀಲ ಮುಂದಿನ ಮೋರಿಯಲ್ಲಿ ಸಿಕ್ಕಿಕೊಂಡಿತು. ಮಳೆ ಬಂದಾಗ ನೀರು ನುಗ್ಗಿದ್ದು ತಗ್ಗಿನಲ್ಲಿರುವ ಮನೆಗೆ. ಸೊಳ್ಳೆ ಕಚ್ಚಿದ್ದು ಎಲ್ಲರಿಗೂ. ಔಷಧದ ಬಿಲ್ಲು ಕಟ್ಟಿದವರು ಬೇರೆ ಯಾರೋ. ಚೀಲ ಎಸೆದವರ ಲೆಕ್ಕದ ಪುಸ್ತಕದಲ್ಲಿ ಈ ಯಾವ ಖರ್ಚೂ ಕಾಣುವುದಿಲ್ಲ. ಖಾಸಗಿ ವೆಚ್ಚಕ್ಕಿಂತ ಸಾಮಾಜಿಕ ವೆಚ್ಚ ಹೆಚ್ಚು ಎಂದು ಪುಸ್ತಕದಲ್ಲಿ ಹೇಳುವುದು ಇದನ್ನೇ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ನಷ್ಟ ಉಂಟುಮಾಡುವವರ ಮೇಲೆ ತೆರಿಗೆ ಹಾಕಿದರೆ ಆ ಖರ್ಚು ಅವರ ಲೆಕ್ಕಕ್ಕೇ ಬರುತ್ತದೆ ಎಂಬುದು ಅವರ ವಾದ. ಕಸ ಎಸೆದವರಿಗೆ ಹಾಕುವ ದಂಡದ ಹಿಂದೆ ಇರುವುದೂ ಅದೇ ತರ್ಕ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಕಾಳಿ ನದಿ ಜೋಯಿಡಾ ತಾಲೂಕಿನಲ್ಲಿ ಹುಟ್ಟಿ, ಸೂಪಾ ಅಣೆಕಟ್ಟು ದಾಟಿ, ದಾಂಡೇಲಿಯ ಪಕ್ಕದಲ್ಲಿ ಹರಿದು, ಕೊಡಸಳ್ಳಿ, ಕದ್ರಾ ಜಲಾಶಯಗಳ ಮೂಲಕ ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. ನದಿ ದಂಡೆಯ ಊರಿನಲ್ಲಿ ಗಟಾರಕ್ಕೆ ಹಾಕಿದ್ದು ಗಟಾರದಲ್ಲೇ ಇರುವುದಿಲ್ಲ. ದಾಂಡೇಲಿಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಕೋಳಿ, ಮಾಂಸದ ತ್ಯಾಜ್ಯವನ್ನು ದಂಡೆಯಲ್ಲಿ ಎಸೆದರೆ ಮೊದಲು ನಾಯಿಗಳು ಬರುತ್ತವೆ, ಆಮೇಲೆ ಮೊಸಳೆಗಳೂ ಆ ಜಾಗಕ್ಕೆ ರೂಢಿಯಾಗುವ ಭಯವಿದೆ. ಬಟ್ಟೆ ಒಗೆಯಲು ನೀರಿಗಿಳಿಯುವ ಹೆಂಗಸರು ಆ ತ್ಯಾಜ್ಯ ಎಸೆದವರಲ್ಲ, ಆದರೆ ಅಪಾಯ ಅವರಿಗೆ.

2. ದೀಪ ಎಲ್ಲರದು, ಅರ್ಜಿ ಯಾರದು?

ಸರ್ಕಾರದ ಆಯವ್ಯಯದ ಅಧ್ಯಾಯದಲ್ಲಿ ‘ಸಾರ್ವಜನಿಕ ಸರಕು’ ಬರುತ್ತದೆ. ಅದಕ್ಕೆ ಎರಡು ಲಕ್ಷಣ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ, ಮತ್ತು ಹಣ ಕೊಡದವರನ್ನು ಹೊರಗಿಡಲು ಆಗುವುದಿಲ್ಲ. ಬೀದಿದೀಪ ಇದಕ್ಕೆ ಸರಿಯಾದ ಉದಾಹರಣೆ. ಹಣ ಕೊಡದೆ ಲಾಭ ಪಡೆಯುವವರಿಗೆ ‘ಬಿಟ್ಟಿ ಸವಾರ’ ಎಂದು ಹೆಸರು.

ಒಂದು ಲೆಕ್ಕ ಮಾಡೋಣ. ಓಣಿಯಲ್ಲಿ 20 ಮನೆಗಳಿವೆ, ದೀಪ ಕೆಟ್ಟಿದೆ. ದೂರು ಕೊಡಲು ಕಚೇರಿಗೆ ಹೋದರೆ ಅರ್ಧ ದಿನದ ಕೂಲಿ ಮತ್ತು ಆಟೋ ಬಾಡಿಗೆ ಸೇರಿ 300 ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ದೀಪ ಬಂದರೆ ಒಂದೊಂದು ಮನೆಗೆ ಆಗುವ ಲಾಭ 100 ರೂಪಾಯಿ. ಇಡೀ ಓಣಿಗೆ ಲಾಭ 2,000, ಖರ್ಚು 300. ನಿವ್ವಳ ಲಾಭ 1,700 ರೂಪಾಯಿ. ಆದರೆ ಹೋದ ಒಬ್ಬರ ಲೆಕ್ಕದಲ್ಲಿ 100 ಬಂತು, 300 ಹೋಯಿತು, 200 ನಷ್ಟ. ಆದ್ದರಿಂದ ಯಾರೂ ಹೋಗುವುದಿಲ್ಲ. ‘ಬೇರೆ ಯಾರಾದರೂ ಹೇಳಿರಬೇಕು’ ಎನ್ನುತ್ತಾ ಎಲ್ಲರೂ ಕತ್ತಲಲ್ಲಿ ನಡೆಯುತ್ತಾರೆ. ಮಂದಿ ಸೋಮಾರಿಗಳು ಎಂದು ಬೈಯುವುದು ಸುಲಭ. ಆದರೆ ದಿನಗೂಲಿಯವರ ಓಣಿಯಲ್ಲಿ ಇದು ಸೋಮಾರಿತನವಲ್ಲ, ಸರಿಯಾದ ಲೆಕ್ಕವೇ. ಪರಿಹಾರವೂ ಲೆಕ್ಕದಲ್ಲೇ ಇದೆ. ಆ 300 ರೂಪಾಯಿಯನ್ನು 20 ಮನೆಗೆ ಹಂಚಿದರೆ ಮನೆಗೆ 15 ರೂಪಾಯಿ. ಅಥವಾ ಈ ಸಲ ಒಂದು ಮನೆ, ಮುಂದಿನ ಸಲ ಇನ್ನೊಂದು ಮನೆ ಎಂದು ಪಾಳಿ ಮಾಡಿಕೊಳ್ಳಬಹುದು.

ಈ ಲೆಕ್ಕದಲ್ಲಿ ಸೇರದ ಒಂದು ಖರ್ಚಿದೆ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ನಮ್ಮ ಓಣಿಯಲ್ಲಿ ದೀಪವಿಲ್ಲದ ದಿನಗಳಲ್ಲಿ ಸಂಜೆಯ ಟ್ಯೂಷನ್‌ಗೆ ಹೋಗುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಯಾರ ಮನೆಯಲ್ಲೂ ಓದಬೇಡ ಎನ್ನಲಿಲ್ಲ, ಬೆಳಕಿರುವಾಗಲೇ ಮನೆ ಸೇರು ಎಂದರು ಅಷ್ಟೇ. ಟ್ಯೂಷನ್ ಶುರುವಾಗುವುದೇ ಐದೂವರೆಗೆ. ಅಕೌಂಟೆನ್ಸಿಯಲ್ಲಿ ಪಾಲುದಾರಿಕೆಯ ಲೆಕ್ಕ ಅರ್ಧಕ್ಕೆ ನಿಂತವರಲ್ಲಿ ನನ್ನ ಹತ್ತಿರದ ಗೆಳತಿಯೂ ಒಬ್ಬಳು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಒಂದು ಬಲ್ಬು ಇಲ್ಲದ್ದಕ್ಕೆ ತೆತ್ತ ಬೆಲೆ ಅದು.

3. ಯಾರ ಕೆಲಸ?

ದೂರು ಕೊಡುವ ಮೊದಲು ವಿಳಾಸ ಸರಿಯಾಗಿರಬೇಕು. ನಮ್ಮ ನಾಲ್ಕು ತಾಲೂಕು ಕೇಂದ್ರಗಳಲ್ಲೇ ನಾಲ್ಕು ಬಗೆಯ ಸ್ಥಳೀಯ ಸಂಸ್ಥೆಗಳಿವೆ. ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯತಿ, ಜೋಯಿಡಾ ಗ್ರಾಮ ಪಂಚಾಯತಿ. ಮೊದಲ ಮೂರಕ್ಕೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಅದರಲ್ಲಿ ಜನಸಂಖ್ಯೆ ಮುಖ್ಯ ಅಳತೆ: 10 ಸಾವಿರದಿಂದ 20 ಸಾವಿರ ಪಟ್ಟಣ ಪಂಚಾಯತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಗ್ರಾಮ ಪಂಚಾಯತಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ನಗರಸಭೆಯಲ್ಲಿ ಅರ್ಜಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯತಿಯಲ್ಲಿ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯತಿಯಲ್ಲಿ ಪಿಡಿಒ ಅವರಿಗೆ. ಊರಿನ ಅಂಚಿನ ಬಡಾವಣೆಗಳಲ್ಲಿ ರಸ್ತೆಯ ಒಂದು ಬದಿ ಪಟ್ಟಣಕ್ಕೆ, ಇನ್ನೊಂದು ಬದಿ ಪಂಚಾಯತಿಗೆ ಸೇರಿರುವುದೂ ಉಂಟು. ಮನೆಯ ತೆರಿಗೆ ರಸೀದಿ ನೋಡಿದರೆ ಗೊತ್ತಾಗುತ್ತದೆ.

1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ಅದರಲ್ಲಿ ನಗರ ಸಂಸ್ಥೆಗಳ 18 ವಿಷಯಗಳಿವೆ. ನೈರ್ಮಲ್ಯ, ಘನತ್ಯಾಜ್ಯ, ನೀರು ಸರಬರಾಜು, ಬೀದಿದೀಪ ಎಲ್ಲ ಅಲ್ಲಿವೆ. ಒಂದು ಗೊಂದಲ ಮಾತ್ರ ಗಮನಿಸಿ. ಕಂಬಕ್ಕೆ ವಿದ್ಯುತ್ತೇ ಬರದಿದ್ದರೆ ಅಥವಾ ತಂತಿ ಕಡಿದಿದ್ದರೆ ಹೆಸ್ಕಾಂ, ಸಹಾಯವಾಣಿ 1912. ವಿದ್ಯುತ್ ಇದ್ದು ಬೀದಿದೀಪ ಮಾತ್ರ ಉರಿಯದಿದ್ದರೆ ಸ್ಥಳೀಯ ಸಂಸ್ಥೆ.

4. ನಾವು ಕೊಡುವ ಹಣ

‘ನಾವೇನು ತೆರಿಗೆ ಕಟ್ಟುತ್ತೇವಾ ಕೇಳೋಕೆ?’ ಎಂದು ಬಾಡಿಗೆ ಮನೆಯವರು ಹೇಳುವುದನ್ನು ಕೇಳಿದ್ದೇನೆ. ಕಟ್ಟುತ್ತಾರೆ. ಆಸ್ತಿ ತೆರಿಗೆ ಕಟ್ಟುವವರು ಮನೆಯ ಮಾಲೀಕರು, ಆದರೆ ಅದು ಬಾಡಿಗೆಯೊಳಗೆ ಸೇರಿರುತ್ತದೆ. ತೆರಿಗೆ ಕಟ್ಟುವವರು ಒಬ್ಬರು, ಭಾರ ಹೊರುವವರು ಇನ್ನೊಬ್ಬರು ಎಂಬ ಪಾಠಕ್ಕೆ ಇದೇ ಉದಾಹರಣೆ.

ಪಟ್ಟಣದ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಓದಿ. ತೆರಿಗೆ 1,000 ರೂಪಾಯಿ ಇದ್ದರೆ ಅದರ ಮೇಲೆ ಆರೋಗ್ಯ ಕರ 15 ಪ್ರತಿಶತ, ಅಂದರೆ 150; ಗ್ರಂಥಾಲಯ ಕರ 6 ಪ್ರತಿಶತ, 60; ಭಿಕ್ಷುಕರ ಕರ 3 ಪ್ರತಿಶತ, 30. ಈ ಮೂರರಿಂದಲೇ 240 ರೂಪಾಯಿ ಸೇರುತ್ತದೆ. ನಾವು ಪರೀಕ್ಷೆ ಸಮಯದಲ್ಲಿ ಕೂತು ಓದುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೀಗೆ ನಮ್ಮ ಓಣಿಯ ಹಣವೂ ಹೋಗಿದೆ. ಆರ್ಥಿಕ ವರ್ಷ ಶುರುವಾದ ಮೇಲೆ ಏಪ್ರಿಲ್ ತಿಂಗಳೊಳಗೆ ಪೂರ್ತಿ ತೆರಿಗೆ ಕಟ್ಟಿದರೆ 5 ಪ್ರತಿಶತ ರಿಯಾಯಿತಿ. ವ್ಯಾಪಾರದಲ್ಲಿ ಬೇಗ ಹಣ ಕೊಟ್ಟವರಿಗೆ ಸಿಗುವ ನಗದು ವಟಾವಿನ ಹಾಗೆಯೇ ಇದು.

5. ವೋಚರ್ ಇಲ್ಲದೆ ನಮೂದಿಲ್ಲ

ಲೆಕ್ಕಶಾಸ್ತ್ರದ ಮೊದಲ ಪಾಠ: ದಾಖಲೆ ಇಲ್ಲದೆ ಪುಸ್ತಕದಲ್ಲಿ ನಮೂದು ಮಾಡಬಾರದು. ದೂರಿಗೂ ಅದೇ ನಿಯಮ. ದಾರಿಯಲ್ಲಿ ಸದಸ್ಯರನ್ನು ನಿಲ್ಲಿಸಿ ಹೇಳಿದ ಮಾತಿಗೆ ವೋಚರ್ ಇಲ್ಲ. ಬರೆದು ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಬಂದರೆ ಅದೇ ವೋಚರ್.

ಅರ್ಜಿಯಲ್ಲಿ ಐದು ವಿಷಯ ಸಾಕು: ಏನು ತೊಂದರೆ, ಎಲ್ಲಿ (ವಾರ್ಡ್, ಅಡ್ಡರಸ್ತೆ, ಕಂಬದ ಸಂಖ್ಯೆ ಅಥವಾ ಹತ್ತಿರದ ಗುರುತು), ಯಾವಾಗಿನಿಂದ, ಯಾರಿಗೆ ತೊಂದರೆ, ಏನು ಮಾಡಬೇಕು. ಸಿಟ್ಟಿನ ಮಾತು ಬೇಡ. ಒಂದು ಅರ್ಜಿಗೆ ಒಂದೇ ವಿಷಯ. ಫೋಟೋ ಇದ್ದರೆ ಒಳ್ಳೆಯದು. ಪಟ್ಟಣದವರು ‘ಜನಹಿತ’ ಆ್ಯಪ್‌ನಲ್ಲೂ ದೂರು ಹಾಕಬಹುದು. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ‘ಈ ದಿನಾಂಕದ ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ’ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಗ್ರಾಮ ಪಂಚಾಯತಿಯವರಿಗೆ ಗ್ರಾಮಸಭೆಯೂ ಇದೆ. ಅಲ್ಲಿ ಕೇಳಿದ್ದು ನಡಾವಳಿಯಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಿ.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಉರ್ದು ಮಾತಾಡುವ ಎಷ್ಟೋ ಮನೆಗಳಲ್ಲಿ ಹಿರಿಯರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಬರೆಯಲು ಹಿಂಜರಿಯುತ್ತಾರೆ. ನಮ್ಮ ಓಣಿಯ ದೀಪದ ಅರ್ಜಿ ತಡವಾದದ್ದು ಮುಖ್ಯವಾಗಿ ಅದಕ್ಕೇ. ಪಕ್ಕದ ಮನೆಯ ಖಾಲಾ ಉರ್ದುವಿನಲ್ಲಿ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದೆ, ಅಬ್ಬಾ ಓದಿ ಎರಡು ಸಾಲು ಕಡಿಮೆ ಮಾಡಿಸಿದರು. ಹಿಂದಿನ ಸಾಲಿನ ಮನೆಯ ಗೌರಕ್ಕ, ‘ಮೊದಲ ಸಹಿ ನಂದ ಇರಲಿ, ನಮ್ಮ ಹುಡುಗಿನೂ ಅದ ದಾರಿಯಾಗ ಬರ್ತಾಳ’ ಅಂದರು. ಒಂದು ಸಲ ನೆನಪಿಸಿದ ಮೇಲೆ ದೀಪ ಬಂತು. ನನ್ನ ಗೆಳತಿ ಮತ್ತೆ ಟ್ಯೂಷನ್‌ಗೆ ಬರುತ್ತಿದ್ದಾಳೆ.

ಗೌರಕ್ಕನ ಸಹಿಗೆ ಇನ್ನೂ ಒಂದು ಬೆಲೆಯಿತ್ತು. ಕಸ ಬಿದ್ದ ಓಣಿಯನ್ನು ನೋಡಿ ‘ಆ ಮಂದಿ ಇರೋದೇ ಹಾಗೆ’ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಒಮ್ಮೆ ಹಾಗೆ ಹೇಳಿಬಿಟ್ಟರೆ ಕಟ್ಟಿದ ಮೋರಿ ಒಂದು ದುರಸ್ತಿಯ ಕೆಲಸವಾಗಿ ಉಳಿಯುವುದಿಲ್ಲ, ಜನರ ಗುಣವಾಗಿಬಿಡುತ್ತದೆ. ಎಲ್ಲ ಮನೆಗಳ ಸಹಿ ಇರುವ, ದಿನಾಂಕ ಹಾಕಿದ ಅರ್ಜಿ ಆ ಮಾತಿಗೆ ಜಗಳವಿಲ್ಲದ ಉತ್ತರ.

6. ನಮ್ಮ ಕಡೆಯ ಬಾಕಿ

ಖಾತೆಗೆ ಎರಡು ಬದಿ. ಕೇಳುವವರು ಕೊಡಬೇಕಾದ್ದನ್ನೂ ನೋಡಬೇಕು. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕೆಂದವು. ಬೀದಿ, ಗಟಾರಕ್ಕೆ ಎಸೆಯುವುದನ್ನೂ ಬಯಲಲ್ಲಿ ಸುಡುವುದನ್ನೂ ನಿಷೇಧಿಸಿದವು. ಬಕ್ರೀದ್ ದಿನಗಳಲ್ಲಿ ತ್ಯಾಜ್ಯವನ್ನು ಚೀಲದಲ್ಲಿ ಕಟ್ಟಿ, ಗೊತ್ತುಮಾಡಿದ ಗಾಡಿಗೇ ಕೊಡುವುದು ನಮ್ಮ ಜವಾಬ್ದಾರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಮದುವೆ, ಮೆರವಣಿಗೆ, ಜಾತ್ರೆ, ಜಲ್ಸಾ, ಪ್ರವಾಸಿಗರ ರಿಸಾರ್ಟು ಎಲ್ಲಕ್ಕೂ ನಿಯಮ ಒಂದೇ. ಗೋಡೆಯಾಚೆ ಪರೀಕ್ಷೆಗೆ ಓದುವವರು, ಮಲಗಿದ ರೋಗಿಗಳು ಇರುತ್ತಾರೆ.

ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದೂ ಸದಖಾ ಎಂದು ಹದೀಸಿನಲ್ಲಿ ಕಲಿತಿದ್ದೇವೆ. ಪಡೋಸಿಯ ಹಕ್ಕಿನ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೇವೆ. ಪಡೋಸಿಯ ಧರ್ಮ ಯಾವುದೆಂದು ಆ ಹಕ್ಕು ಕೇಳುವುದಿಲ್ಲ. ಅಮೆರಿಕದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಕೆರೆ, ಕಾಡು, ಮೀನುಗಾರಿಕೆಯಂಥ ಎಲ್ಲರ ಸ್ವತ್ತನ್ನು ಬಳಸುವ ಜನರೇ ಕೂತು ನಿಯಮ ಮಾಡಿಕೊಂಡು, ತಾವೇ ಕಾವಲು ಕಾದು ಉಳಿಸಿಕೊಳ್ಳಬಲ್ಲರು ಎಂದು ಅವರು ತೋರಿಸಿದರು. ಓಣಿಯೂ ಅಂಥದೇ ಸ್ವತ್ತು.

ಅಭ್ಯಾಸ

1. ನಿಮ್ಮ ಓಣಿಯ ಒಂದು ತೊಂದರೆ ಆರಿಸಿ. ಅದರ ಖಾಸಗಿ ವೆಚ್ಚ ಯಾರದು, ಸಾಮಾಜಿಕ ವೆಚ್ಚ ಯಾರದು ಎಂದು ಎರಡು ಅಂಕಣದಲ್ಲಿ ಬರೆಯಿರಿ.
2. ನಿಮ್ಮ ಮನೆಯ ಅಥವಾ ಮಾಲೀಕರ ತೆರಿಗೆ ರಸೀದಿ ನೋಡಿ, ಕರಗಳು ಎಷ್ಟು ಪ್ರತಿಶತ ಎಂದು ಲೆಕ್ಕ ಹಾಕಿ.
3. ಮೇಲೆ ಹೇಳಿದ ಐದು ವಿಷಯಗಳಿರುವ ಅರ್ಜಿಯನ್ನು ಒಂದು ಪುಟ ಮೀರದಂತೆ ಕನ್ನಡದಲ್ಲಿ ಬರೆಯಿರಿ. ಮನೆಯ ಹಿರಿಯರಿಗೆ ಓದಿ ಹೇಳಿ, ಪಕ್ಕದ ಮನೆಯವರ ಸಹಿ ತೆಗೆದುಕೊಳ್ಳಿ. ಇದಕ್ಕೆ ಅಂಕಗಳಿಲ್ಲ, ಆದರೆ ಸ್ವೀಕೃತಿ ಪ್ರತಿ ತರಲು ಮರೆಯಬೇಡಿ.