ಮುಂದಕ್ಕೆ ಹಾಕಿದವರ ಪಟ್ಟಿ

ಸರ್ಜರಿಯಲ್ಲೇ ಪಿಜಿ ಸೀಟು ಸಿಕ್ಕಿತಲ್ಲ, ಸಂತೋಷ ಕಣಮ್ಮ. ಬೈರಾಪಟ್ಟಣದವರೆಗೂ ಬಂದು ಕಾಲಿಗೆ ಬಿದ್ದಿದ್ದೀಯ. ಬರೀ ಆಶೀರ್ವಾದ ಮಾಡಿ ಕಳಿಸಿದರೆ ನಾನೆಂಥ ದೊಡ್ಡಪ್ಪ? ಕೋವಿಡ್ ಕಾಲ ಸರ್ಜರಿಯವರಿಗೆ ಕಲಿಸಿದ್ದನ್ನು ಹೇಳ್ತೀನಿ, ಕೇಳು. ಕೋವಿಡ್ ಈಗ ಹಳೇ ಕಥೆ, ಸರಿ. ಅಂಥದ್ದೇ ಇನ್ನೊಂದು ಬರೋದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

2020ರ ಮಾರ್ಚಿನಲ್ಲಿ, ತುರ್ತಲ್ಲದ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿ ಅಂತ ಕೇಂದ್ರದಿಂದ ಸೂಚನೆ ಬಂತು. ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೇ ಮೀಸಲಾಯಿತು. ಚಾಕು ಹಿಡಿಯಲು ಬಂದ ಹುಡುಗರು ಪಿಪಿಇ ತೊಟ್ಟು ಆಕ್ಸಿಜನ್ ನೋಡಿಕೊಂಡರು. ಹೆದರಿ ಮುಂದೂಡಿದರು ಅಂದವರಿದ್ದಾರೆ. ಆದರೆ ಅದೇ ವರ್ಷ ಮೇ ತಿಂಗಳಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೆಕ್ಕ ನೋಡು: ಆಪರೇಷನ್ ಆಸುಪಾಸಿನಲ್ಲಿ ಸೋಂಕು ತಗುಲಿದ್ದ 1,128 ಜನರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು 30 ದಿನದೊಳಗೆ ತೀರಿಕೊಂಡಿದ್ದರು. ಮುಂದೂಡಿದ್ದರಲ್ಲಿ ತಪ್ಪಿರಲಿಲ್ಲ. ಮುಂದೂಡಿದ ಮೇಲೆ ಆ ರೋಗಿಗಳನ್ನು ಮರೆತರೆ, ಅದು ತಪ್ಪು.

ಹರ್ನಿಯಾದವನು ಕಾಯಬಹುದು, ಸ್ತನದಲ್ಲಿ ಗಂಟಿರುವವಳು ಕಾಯಲಾರಳು. ಇದು ನಿನಗೂ ಗೊತ್ತು. ಹಾಗಂತ ಹರ್ನಿಯಾದವನಿಗೆ 'ಆಮೇಲೆ ಬಾಪ್ಪಾ' ಅಂದು ಕಳಿಸಿಬಿಡಬೇಡ. ಮಲಗಿದಾಗ ಗಂಟು ಒಳಗೆ ಹೋಗುತ್ತಾ ಕೇಳು. ಹೋಗದೆ ಗಟ್ಟಿಯಾಗಿ, ನೋವು ಬಂದು, ವಾಂತಿ ಶುರುವಾದರೆ ಮಧ್ಯರಾತ್ರಿಯಾದರೂ ಸರಿ ಹೊರಟು ಬಾ ಅನ್ನು. ಓಪಿ ಚೀಟಿಯ ಹಿಂದೆ ವಾರ್ಡಿನ ಫೋನ್ ನಂಬರ್ ಬರೆದುಕೊಡು, ಅವನ ನಂಬರನ್ನೂ ಇಟ್ಟುಕೋ. ಬಸ್ಸು ನಿಂತಾಗ ಆಸ್ಪತ್ರೆಗೂ ಹಳ್ಳಿಗೂ ನಡುವೆ ಉಳಿಯೋದು ಆ ಫೋನ್ ಒಂದೇ.

ಮುಂದೂಡಲಾಗದ್ದೂ ಬರುತ್ತೆ. 2021ರಲ್ಲಿ ಕಪ್ಪು ಶಿಲೀಂಧ್ರ ಬಂತಲ್ಲ, ಬರೀ ಔಷಧಿಗೆ ಬಗ್ಗುವ ಕಾಯಿಲೆಯಲ್ಲ ಅದು. ಕೊಳೆತ ಭಾಗವನ್ನು ಕೆರೆದು ತೆಗೆಯಲೇಬೇಕು, ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ಮೂಗಿನವರು, ಕಣ್ಣಿನವರು, ದವಡೆಯವರು, ಸಕ್ಕರೆ ಹತೋಟಿಗೆ ತರುವ ಫಿಸಿಷಿಯನ್ ಎಲ್ಲರೂ ಒಬ್ಬನೇ ರೋಗಿಯ ಸುತ್ತ ನಿಂತರು. ಇದು ನಿನ್ನ ಕೇಸೋ ನನ್ನದೋ ಅನ್ನುವ ಜಗಳಕ್ಕೆ ಅಲ್ಲಿ ಪುರಸೊತ್ತಿರಲಿಲ್ಲ.

ಕಲಿಕೆಯ ಪಾಡು ಬೇರೆ. 2021ರ ಏಪ್ರಿಲ್ 18ಕ್ಕೆ ಇದ್ದ ನೀಟ್ ಪಿಜಿ ಸೆಪ್ಟೆಂಬರ್ 11ಕ್ಕೆ ಹೋಯಿತು, ಕೌನ್ಸೆಲಿಂಗ್ 2022ರ ಜನವರಿಗೆ ಬಿತ್ತು. ಅಲ್ಲಿಯವರೆಗೂ ವಾರ್ಡಿಗೆ ಹೊಸಬರಿಲ್ಲ. ರಕ್ತ ತೆಗೆಯೋದು, ಡ್ರೆಸ್ಸಿಂಗ್ ಎಲ್ಲ ಸೀನಿಯರ್‌ಗಳ ಪಾಲಿಗೇ. ಕೇಸು ಕಡಿಮೆಯಾದಾಗ ಕೈ ತುಕ್ಕು ಹಿಡಿಯಲು ಬಿಡಬೇಡ. ರಾಮನಗರದ ಹತ್ತಿರದವಳು ನೀನು, ಹುರಿ ಮಾಡಿದ ರೇಷ್ಮೆ ದಾರಕ್ಕೇನು ಬರ? ಕುರ್ಚಿಯ ಕೈಗೆ ಕಟ್ಟಿ ಒಂದೇ ಕೈಯಲ್ಲಿ ಗಂಟು ಹಾಕು, ಎಡಗೈಯಲ್ಲೂ ಹಾಕು. ಒದ್ದೆ ಗ್ಲೌಸಿನಲ್ಲೂ ಜಾರದಿದ್ದರೆ ಕೈ ಕುದುರಿದೆ ಅಂತ ತಿಳಿ. ಆದರೆ ಲಾಗ್‌ಬುಕ್ಕಿನಲ್ಲಿ ನೋಡಿದ್ದನ್ನು 'ಮಾಡಿದೆ' ಅಂತ ಬರೆಯಬೇಡ. ಕೊರತೆ ಕಂಡರೆ ತಾನೇ ಗುರುಗಳು ಆಮೇಲೆ ತುಂಬಿಕೊಡೋದು?

ಜಿಲ್ಲಾಸ್ಪತ್ರೆಯಲ್ಲಿ ಮೂರು ತಿಂಗಳು ಈಗ ನಿಮಗೆ ಕಡ್ಡಾಯ. ಶಿಕ್ಷೆ ಅಂದುಕೊಳ್ಳಬೇಡ. ಆಶಾ ಕಾರ್ಯಕರ್ತೆಯರ ಪರಿಚಯ ಮಾಡಿಕೋ, ಯಾರ ಮನೆಯಲ್ಲಿ ಯಾರು ಗಂಟು ಮುಚ್ಚಿಟ್ಟುಕೊಂಡು ಕೂತಿದ್ದಾರೆ ಅನ್ನೋದು ಅವರಿಗೆ ಗೊತ್ತಿರುತ್ತೆ. ರಾಮನಗರಕ್ಕೇ ಹಾಕಿದರೆ ಇಲ್ಲಿಂದಲೇ ಓಡಾಡು. ದೊಡ್ಡಮ್ಮ ಬುತ್ತಿ ಕಟ್ಟಿಕೊಡುತ್ತಾಳೆ.