ಧಗೆಯ ರಾತ್ರಿಗೊಂದು ಜೋಲಿ

ಏಪ್ರಿಲ್-ಮೇ ತಿಂಗಳಲ್ಲಿ ಕುಕನೂರಿನ ಆರ್‌ಸಿಸಿ ಮನೆಯೊಳಗೆ ನಿದ್ದೆ ಹತ್ತುವುದು ನಡುರಾತ್ರಿ ದಾಟಿದ ಮೇಲೆಯೇ. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿ ಅದನ್ನು ಕೆಳಗೆ ಬಿಡುತ್ತದೆ, ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಹಾಕುತ್ತದೆ. ಅದಕ್ಕೇ ನಾನು ಹೊಲದ ಬದುವಿಗೆ ಹೋಗಿ ಹ್ಯಾಮಕ್ ಕಟ್ಟುತ್ತೇನೆ. ಓಣಿಯವರು ಅದನ್ನು ದೊಡ್ಡವರ ಜೋಲಿ ಎಂದು ನಗುತ್ತಾರೆ.

ಎರೆ ನೆಲವೂ ಕಾದೇ ಇರುತ್ತದೆ. ಚಾಪೆ ಹಾಸಿದರೆ ಬೆನ್ನು ಬೇಯುತ್ತದೆ, ಬಿರುಕಿನಿಂದ ಚೇಳು ಬಂದೀತೆಂಬ ಭಯ ಬೇರೆ. ಜೋಲಿಯ ಸುಖವಿರುವುದು ಬೆನ್ನ ಕೆಳಗೆ ಗಾಳಿ ಹಾಯುವುದರಲ್ಲಿ. ಹೀಗಾಗಿ ಮೊದಲು ಗಾಳಿಯ ದಿಕ್ಕು ನೋಡುತ್ತೇನೆ. ಪಡುವಣ ಗಾಳಿ ಇದ್ದಾಗ ಉತ್ತರ-ದಕ್ಷಿಣಕ್ಕೆ ನಿಂತ ಎರಡು ಬೇವಿನ ಗಿಡ ಸಿಕ್ಕರೆ ಗಾಳಿ ಅಡ್ಡಲಾಗಿ ಬಂದು ಇಡೀ ಮೈಗೆ ತಾಗುತ್ತದೆ. "ಹುಣಸಿ ಗಿಡದ ಬುಡಕ ಮಲಗಬ್ಯಾಡೋ" ಅನ್ನುತ್ತಿದ್ದ ನಮ್ಮ ಕಾಕಾ. ಅವನ ದೆವ್ವದ ಕಾರಣ ನಾನು ಒಪ್ಪುವುದಿಲ್ಲ. ಆದರೆ ಅದರ ದಟ್ಟ ನೆರಳಿನಡಿ ಗಾಳಿ ಆಡುವುದಿಲ್ಲ ಎಂಬುದು ನಿಜ. ಹಳ್ಳದ ದಂಡೆಯಲ್ಲಿ ಸೊಳ್ಳೆ. ತೆಳು ಬಟ್ಟೆಯಾದರೆ ಕೆಳಗಿನಿಂದಲೇ ಚುಚ್ಚುತ್ತವೆ. ಪರದೆ ಜೋಲಿಯ ಅಡಿಯನ್ನೂ ಮುಚ್ಚಬೇಕು.

ಹೊಸಬರೆಲ್ಲ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹಗ್ಗ 30 ಡಿಗ್ರಿ ಇಳಿಜಾರಿದ್ದರೆ 70 ಕಿಲೋ ತೂಗುವ ಆಳಿಗೆ ಒಂದೊಂದು ಬದಿಯ ಎಳೆತವೂ 70 ಕಿಲೋ. 10 ಡಿಗ್ರಿಗೆ ಬಿಗಿದರೆ ಅದು 200 ಕಿಲೋ ಮುಟ್ಟುತ್ತದೆ. ಬಟ್ಟೆ ಎರಡೂ ಭುಜ ಅಮುಕಿ ಬೆವರು ಕೀಳುತ್ತದೆ. ಸಡಿಲ ಬಿಡಿ, ಓರೆಯಾಗಿ ಮಲಗಿ, ಬೆನ್ನು ನೆಟ್ಟಗಾಗುತ್ತದೆ. ತೊಗಟೆ ಉಳಿಯಲು ಹಗ್ಗದಡಿ ಗೋಣಿತಾಟು ಸುತ್ತಿ. ಪಕ್ಕದ ಇಟಗಿಗೆ 1112ರ ಮಹಾದೇವ ದೇವಾಲಯ ನೋಡಲು ಬರುವ ಗೆಳೆಯರು ಅಲ್ಲೇ ಕಟ್ಟೋಣ ಅನ್ನುವುದುಂಟು. ಸಂರಕ್ಷಿತ ಸ್ಮಾರಕದಲ್ಲಿ ಅದೆಲ್ಲ ನಡೆಯದು.

ಮೇ ತಿಂಗಳಲ್ಲೂ ಬೆಳಗಿನ ಜಾವ ಬೆನ್ನಿಗೆ ಚಳಿ ಹತ್ತುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಸಂಜೆ ಹಿತವೆನಿಸಿದ ಅದೇ ಗಾಳಿ ಆ ಹೊತ್ತಿಗೆ ಮೈಯ ಕಾವು ಎಳೆದುಕೊಂಡಿರುತ್ತದೆ. ಮೇಲೆ ಎಷ್ಟು ಹೊದ್ದರೂ ಅಷ್ಟೇ; ತೆಳ್ಳನೆಯ ಕೌದಿಯನ್ನು ಬೆನ್ನ ಕೆಳಗೆ ಎಳೆದುಕೊಳ್ಳಬೇಕು. ಅದನ್ನು ಕಾಲ ಬಳಿ ಮಡಚಿಟ್ಟುಕೊಂಡೇ ಮಲಗುತ್ತೇನೆ.

ಭರಣಿ, ಕೃತ್ತಿಕಾ ಮಳೆಯ ದಿನಗಳಲ್ಲಿ ಮಾತ್ರ ಹುಷಾರು. ಬಯಲಿನಲ್ಲಿ ಸಿಡಿಲು ಹುಡುಕುವುದು ಒಂಟಿ ಗಿಡವನ್ನೇ. ದೂರದಲ್ಲಿ ಗುಡುಗಿದರೂ ಜೋಲಿ ಬಿಚ್ಚುತ್ತ ಕೂರಬೇಡಿ, ಅಲ್ಲೇ ಬಿಟ್ಟು ಮನೆ ಸೇರಿ.