ಇಡ್ಲಿ ತಟ್ಟೆಯಲ್ಲಿ ರೈಫಲಿನ ಸ್ಕ್ರೂಗಳು

ಮಗಳ ಪಂದ್ಯಕ್ಕೆ ಎರಡು ದಿನ ಬಾಕಿ ಇತ್ತು. ಅವಳ ಏರ್ ರೈಫಲಿನಲ್ಲಿ ಕೆನ್ನೆ ಒರಗುವ ಪಟ್ಟಿಯನ್ನು ಎರಡು ಮಿಲಿಮೀಟರ್ ಮೇಲೆತ್ತಬೇಕಿತ್ತು, ಅಷ್ಟೇ. ಅಲೆನ್ ಕೀ ಹಾಕಿ ಬಲವಾಗಿ ತಿರುಗಿಸಿದೆ. ಕೀ ತಿರುಗಿತು, ಸ್ಕ್ರೂ ತಿರುಗಲಿಲ್ಲ. ಸ್ಕ್ರೂವಿನ ತಲೆಯಲ್ಲಿದ್ದ ಆರು ಮೂಲೆಯ ಕುಳಿ ದುಂಡಗಾಗಿ ಹೋಗಿತ್ತು.

ಆ ಕೀ ಗೊಂಚಲು ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ರೈಫಲ್ ಹೊತ್ತುಕೊಂಡು ಲೇತ್ ಅಂಗಡಿಗೆ ಹೋದಾಗ ಅಲ್ಲಿನ ಹಿರಿಯ ಕೆಲಸಗಾರ ಮೊದಲು ನೋಡಿದ್ದು ಸ್ಕ್ರೂವನ್ನಲ್ಲ, ಕೀಯನ್ನು. ವರ್ನಿಯರ್ ಹಿಡಿದು ಅಳೆದ. "ನಾಲ್ಕು ಎಂಎಂ ಅಂತ ಬರೆದಿದ್ದಾರೆ ಸಾರ್, ಇರೋದು ಮೂರೂ ಮುಕ್ಕಾಲು. ಒಳಗೆ ಆಡ್ತಾ ಇದ್ರೆ ಮೂಲೆ ತಿನ್ನದೆ ಇನ್ನೇನು ಮಾಡುತ್ತೆ?" ಎಂದ. ಕೆಟ್ಟುಹೋದ ಕುಳಿಗೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಒಂದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ, ಒಂದೇ ಸಲಕ್ಕೆ ಸ್ಕ್ರೂ ಬಿಚ್ಚಿ ಕೈಗಿಟ್ಟ.

ಪಂದ್ಯದ ಏರ್ ರೈಫಲ್ ಅಂಗಡಿಯಿಂದ ತಂದ ಹಾಗೆಯೇ ಬಳಸುವ ವಸ್ತುವಲ್ಲ. ಭುಜಕ್ಕೆ ತಾಗುವ ಬಟ್ ಪ್ಲೇಟ್, ಕೆನ್ನೆಪಟ್ಟಿ, ಹಿಡಿಕೆ, ಹಿಂದಿನ ಸೈಟು ಎಲ್ಲವನ್ನೂ ಬಿಚ್ಚಿ, ಸರಿಸಿ, ಶೂಟರ್‌ನ ಮೈಕಟ್ಟಿಗೆ ಹೊಂದಿಸಿ ಮತ್ತೆ ಜೋಡಿಸಬೇಕು. ಬೆಳೆಯುವ ಮಕ್ಕಳಿದ್ದರೆ ಕೆಲವು ತಿಂಗಳಿಗೊಮ್ಮೆ ಅದೇ ಕೆಲಸ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ 0.5 ಮಿಲಿಮೀಟರ್. ಹಾರುವ ಪೆಲೆಟ್ಟೇ 4.5 ಮಿಲಿಮೀಟರ್. ಸಡಿಲವಾದ ಒಂದು ಸ್ಕ್ರೂ ಅಂಕಪಟ್ಟಿಯಲ್ಲಿ ಕಾಣಿಸದೆ ಇರದು.

ಸಲಕರಣೆ ಕೈಕೊಟ್ಟರೆ ದೊಡ್ಡವರಿಗೂ ವಿನಾಯಿತಿ ಇಲ್ಲ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಹತ್ತು ಮೀಟರ್ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಏರ್ ಪಿಸ್ತೂಲು ಕೆಟ್ಟಿತು. ರಿಪೇರಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು. ಎಂಟು ಜನರ ಫೈನಲ್‌ಗೆ ಅವರು ಎರಡೇ ಅಂಕದಿಂದ ತಪ್ಪಿದರು. 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು ಎನ್ನುವುದು ಆಮೇಲಿನ ಕಥೆ.

ಲೇತ್ ಅಂಗಡಿಯಿಂದ ಬಂದ ಮೇಲೆ ಮನೆಯ ಬಾಲ್ಕನಿಯಲ್ಲಿ ಒಂದು ಮೇಜು ಎದ್ದಿತು. ಎಸ್.ಪಿ. ರಸ್ತೆಯ ಟೂಲು ಅಂಗಡಿಗಳಲ್ಲಿ ಅರ್ಧ ದಿನ ಅಲೆದು ಮಾಡಿಕೊಂಡ ಲೆಕ್ಕ ಇಷ್ಟು: ಸ್ಕ್ರೂವಿಗೆ ತಾಗುವುದಕ್ಕೂ ಅಳತೆ ಹೇಳುವುದಕ್ಕೂ ದುಡ್ಡು ಹಾಕಬೇಕು, ಉಳಿದದ್ದಕ್ಕೆಲ್ಲ ಮನೆಯ ಸಾಮಾನು ಸಾಕು. ಹಾಗಾಗಿ ಒಳ್ಳೆಯ ಕಂಪನಿಯ ಅಲೆನ್ ಕೀ ಸೆಟ್ ಬಂತು, ಜೊತೆಗೆ ಒಂದು ಡಿಜಿಟಲ್ ವರ್ನಿಯರ್. ಬೆಂಚ್ ವೈಸ್ ಮಾತ್ರ ಗುಜರಿಯದು. ಅದರ ಹಲ್ಲುಗಳಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದಾಯಿತು. ರೈಫಲಿನ ಸ್ಟಾಕ್ ಹಿಡಿಯುವಾಗ ಬಿಗಿ ಬೇಡ, ಅಲುಗದಿದ್ದರೆ ಸಾಕು. ಬ್ಯಾರಲ್ಲನ್ನಂತೂ ವೈಸಿಗೆ ಕೊಡುವಂತೆಯೇ ಇಲ್ಲ.

ಬಿಚ್ಚಿದ ಸ್ಕ್ರೂ ಇಡಲು ಮ್ಯಾಗ್ನೆಟ್ ಟ್ರೇ ನೋಡಿದೆ, ಬೆಲೆ ಕೇಳಿ ಕೆಳಗಿಟ್ಟೆ. ಅಡುಗೆಮನೆಯ ನಾಲ್ಕು ಕುಳಿಯ ಇಡ್ಲಿ ತಟ್ಟೆ ಅದಕ್ಕಿಂತ ಮೇಲು. ಬಿಚ್ಚಿದ ಕ್ರಮದಲ್ಲೇ ಒಂದೊಂದು ಕುಳಿಗೆ ಹಾಕುತ್ತಾ ಹೋದರೆ ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರಾಯಿತು. ಬಿಗಿ ಮಾಡಿದ ಮೇಲೆ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಮಗಳ ನೇಲ್ ಪಾಲಿಶಿನ ಒಂದು ಗೆರೆ. ಗೆರೆ ಮುರಿದಿದ್ದರೆ ಸ್ಕ್ರೂ ಅಲುಗಿದೆ ಎಂದರ್ಥ.

ಬಿಗಿಯ ವಿಷಯದಲ್ಲಿ ಇನ್ನೊಂದು ಪಾಠ ಶೂಟಿಂಗ್ ರೇಂಜಿನ ಗೆಳೆಯರೊಬ್ಬರದು. ಅವರು ಕಾರಿನ ಚಕ್ರ ಬಿಗಿಯುವ ಟಾರ್ಕ್ ರೆಂಚ್ ತಂದು 'ಕ್ಲಿಕ್' ಸದ್ದಿಗೆ ಕಾಯುತ್ತಾ ಕೂತರು. ಅಂಥ ರೆಂಚಿನ ಅಳತೆ ಶುರುವಾಗುವುದೇ ಸುಮಾರು 28 ನ್ಯೂಟನ್ ಮೀಟರಿನಿಂದ. ರೈಫಲಿನ ಸಣ್ಣ ಸ್ಕ್ರೂಗಳು ಕೇಳುವುದು ಕೆಲವೇ ನ್ಯೂಟನ್ ಮೀಟರ್. ಕ್ಲಿಕ್ ಬರಲಿಲ್ಲ. ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ ಮಾತ್ರ ಸವೆದು ಹೋಯಿತು. ಇಲ್ಲಿ ಬೇಕಾದದ್ದು ಸೈಕಲ್ ರಿಪೇರಿಯವರು ಬಳಸುವ ಕಾಲು ಇಂಚಿನ ಪುಟ್ಟ ಟಾರ್ಕ್ ರೆಂಚ್. ಅದರಲ್ಲಿ ಎರಡು ನ್ಯೂಟನ್ ಮೀಟರಿನಿಂದಲೇ ಅಳತೆ ಸಿಗುತ್ತದೆ, ಬಂದೂಕು ಕೆಲಸಕ್ಕೆಂದು ಮಾರುವ ಟಾರ್ಕ್ ಸ್ಕ್ರೂಡ್ರೈವರಿಗಿಂತ ಅಗ್ಗವಾಗಿಯೂ ದೊರೆಯುತ್ತದೆ. ಯಾವ ಸ್ಕ್ರೂವಿಗೆ ಎಷ್ಟು ಎಂಬುದನ್ನು ರೈಫಲಿನ ಕೈಪಿಡಿ ನೋಡಿಯೇ ತಿಳಿಯಬೇಕು. ಕೆಲಸ ಮುಗಿದ ಮೇಲೆ ರೆಂಚನ್ನು ಅತಿ ಕಡಿಮೆ ಅಳತೆಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸೋಲುತ್ತದೆ.

ಪದೇ ಪದೇ ಸಡಿಲಾಗುವ ಸ್ಕ್ರೂವಿಗೆ ಥ್ರೆಡ್ ಲಾಕರ್ ಒಂದು ಹನಿ ಸಾಕು. ಬಣ್ಣ ನೋಡಿ ಕೊಳ್ಳಬೇಕು. ನೀಲಿಯದು ಸಾಮಾನ್ಯ ಕೀಗೆ ಬಿಚ್ಚಿಕೊಳ್ಳುತ್ತದೆ, ಕೆಂಪಿನದು ಬಿಸಿ ಮಾಡದೆ ಬಿಡುವುದಿಲ್ಲ.

ಮೇಜಿಗೆ ರೈಫಲ್ ಬರುವ ಮುನ್ನ ಮನೆಯಲ್ಲಿ ಒಂದು ಶಾಸ್ತ್ರವಿದೆ. ಗಾಳಿಯ ಸಿಲಿಂಡರ್ ಕಳಚಬೇಕು, ಬ್ಯಾರಲ್ ಖಾಲಿ ಇದೆಯೆಂದು ಕಣ್ಣಾರೆ ನೋಡಬೇಕು, ಬ್ಯಾರಲ್ಲಿನ ಉದ್ದಕ್ಕೂ ಸುರಕ್ಷತಾ ದಾರ ಹಾಯಿಸಬೇಕು. ಸಿಲಿಂಡರ್ ತೆಗೆದ ಮೇಲೂ ಒಳಗೆ ಉಳಿದ ಗಾಳಿಯಲ್ಲಿ ಕೆಲವು ಗುಂಡು ಹಾರುವಷ್ಟು ಶಕ್ತಿ ಇರಬಹುದು. ಇದು ನಮ್ಮ ಕೋಚ್ ಮೊದಲ ದಿನವೇ ಹೇಳಿದ ಮಾತು.

ಆ ಸಿಲಿಂಡರಿಗೆ ಮಾತ್ರ ನಮ್ಮ ಮೇಜಿನ ಯಾವ ಟೂಲನ್ನೂ ತಾಗಿಸುವುದಿಲ್ಲ. ತುಂಬಿದಾಗ ಅದರ ಒತ್ತಡ 200 ಬಾರ್. ಕಾರಿನ ಟೈರಿನಲ್ಲಿರುವುದು ಸುಮಾರು ಎರಡು ಬಾರ್ ಎಂದರೆ ಅಂದಾಜು ಸಿಗುತ್ತದೆ. ವಾಲ್ವ್ ಬಿಚ್ಚುವುದು, ಅಲ್ಲಿಗೆ ಮನೆಯ ಯಂತ್ರದ ಎಣ್ಣೆ ಬಿಡುವುದು ಎರಡೂ ಅಪಾಯ. ಅದರ ಕೆಲಸ ಕಂಪನಿಯ ಸರ್ವಿಸ್‌ನವರದು.

ನಮ್ಮದು ಸೆಕೆಂಡ್ ಹ್ಯಾಂಡ್ ರೈಫಲ್. ಅದನ್ನು ಕೊಳ್ಳುವಾಗ ಗೀರು, ಬಣ್ಣ, ಟ್ರಿಗರ್ ಎಲ್ಲ ನೋಡಿದ್ದೆ, ಸಿಲಿಂಡರಿನ ಮೇಲೆ ಅಚ್ಚೊತ್ತಿದ ತಾರೀಖು ನೋಡಿರಲಿಲ್ಲ. ಏರ್ ರೈಫಲಿನ ಇಂಥ ಸಿಲಿಂಡರುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಸ್ಸು ಹತ್ತು ವರ್ಷ, ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಶೂಟರ್‌ನದೇ. ನಮ್ಮದಕ್ಕೆ ಉಳಿದಿದ್ದದ್ದು ಹದಿನಾಲ್ಕು ತಿಂಗಳು. ಹೊಸ ಸಿಲಿಂಡರಿನ ಬೆಲೆ ಮೇಜಿನ ಮೇಲಿನ ಎಲ್ಲ ಟೂಲುಗಳನ್ನು ಸೇರಿಸಿದರೂ ಹೆಚ್ಚು. ಮಕ್ಕಳಿಗೆ ಹಳೆಯ ರೈಫಲ್ ಕೊಳ್ಳಲು ಹೊರಟವರು ದಯವಿಟ್ಟು ಮೊದಲು ಆ ತಾರೀಖು ಓದಿ, ಬೆಲೆಯ ಮಾತು ಆಮೇಲೆ ಆಡಿ.